ಉತ್ತರದ ಗೋಡೆಗೆ ಹಾಕಿದ ನೀಲಿ

ಎಂಟುನೂರು ವರ್ಷ ಹಳೆಯ ಚರ್ಚಿನ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಬರೀ ಕಾಲುಚೀಲದಲ್ಲಿ ಒಳಗೆ ಹೋದವಳು ಇಡೀ ಸ್ವೀಡನ್ನಿನಲ್ಲಿ ಬಹುಶಃ ನಾನೊಬ್ಬಳೇ. ಏಪ್ರಿಲ್ ತಿಂಗಳು. ನಮ್ಮ ಬಾಗಲಕೋಟೆ ಕಡೆ ಆ ಹೊತ್ತಿಗೆ ನೆಲ ಕಾದು ಬರಿಗಾಲು ಊರಲು ಆಗುವುದಿಲ್ಲ. ಇಲ್ಲೂ ಊರಲಾಗಲಿಲ್ಲ, ಇಟ್ಟಿಗೆ ಹಾಸಿನ ಥಂಡಿ ಅಂಗಾಲಿನಿಂದ ಹಲ್ಲಿನವರೆಗೆ ಏರಿತು. ಲುಂಡ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹೊಲವೊಂದರಲ್ಲಿ ಮಣ್ಣಿನ ಮಾದರಿ ತೆಗೆಯಲು ಬಂದಿದ್ದೆ. ಚೆಂದದ ಬಿಸಿಲಿದ್ದದ್ದು ನೋಡನೋಡುತ್ತ ಆಲಿಕಲ್ಲು ಸುರಿಯತೊಡಗಿತು. ಓಡಿಹೋಗಿ ಸೇರಿಕೊಂಡದ್ದು ಊರ ನಡುವಿನ ಬಿಳಿ ಚರ್ಚಿನ ಮುಂದಿನ ಸಣ್ಣ ಕೋಣೆಯನ್ನು. ದೇವರ ಜಾಗ ಅಂದ ಮೇಲೆ ಕೈ ತಾನಾಗಿಯೇ ಬೂಟಿನ ದಾರಕ್ಕೆ ಹೋಯಿತು.

ಹೊರಗೆ ಬಂದಾಗ ಎತ್ತರದ ಮುದುಕರೊಬ್ಬರು ನನ್ನ ಬೂಟುಗಳನ್ನೇ ನೋಡುತ್ತ ನಿಂತಿದ್ದರು. ಈ ಕೋಣೆಯ ಹೆಸರು ವಾಪೆನ್‌ಹೂಸ್, ಅಂದರೆ ಆಯುಧದ ಮನೆ, ಎಂದು ವಿವರಿಸಿದರು. ಹಿಂದೆ ಗಂಡಸರು ಕತ್ತಿ, ಈಟಿಗಳನ್ನು ಇಲ್ಲಿ ಬಿಟ್ಟು ಒಳಗೆ ಹೋಗುತ್ತಿದ್ದರಂತೆ. ಬೂಟು ಬಿಟ್ಟವರನ್ನು ಮಾತ್ರ ತಾನು ಇದೇ ಮೊದಲು ನೋಡುತ್ತಿರುವುದು ಎಂದರು. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ. ಸ್ವೀಡನ್ನಿನವರ ನಗು ಗುರುತಿಸಲು ಒಂದು ವರ್ಷವಾದರೂ ಬೇಕು.

ನಾಚಿಕೊಂಡು ಬೂಟು ಕಟ್ಟಿಕೊಳ್ಳುತ್ತಿರುವಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಹಸಿ ಸುಣ್ಣದ್ದು. ಅಂಗಳದ ಮೂಲೆಯಲ್ಲಿ ಹಲಗೆ ಮುಚ್ಚಿದ ಗುಂಡಿಯಿತ್ತು, ವಾಸನೆ ಅಲ್ಲಿಂದ ಬರುತ್ತಿತ್ತು. ಯಾವ ವಾಸನೆಯಿಂದ ತಪ್ಪಿಸಿಕೊಳ್ಳಲು ಓದಿ, ಪರೀಕ್ಷೆ ಬರೆದು, ಏಳು ಸಮುದ್ರ ದಾಟಿ ಬಂದಿದ್ದೆನೋ ಅದು ನನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಆಲಿಕಲ್ಲು ನಿಲ್ಲುವುದನ್ನೂ ಕಾಯದೆ ಬಸ್ ನಿಲ್ದಾಣಕ್ಕೆ ಹೊರಟುಬಿಟ್ಟೆ.

ನಮ್ಮದು ಸುಣ್ಣ ಸುಡುವ ಮನೆತನ. ಊರಾಚೆ ನಮ್ಮ ಭಟ್ಟಿ ಇದೆ. ಸುಣ್ಣದ ಕಲ್ಲು, ಕಟ್ಟಿಗೆ ಒಂದರ ಮೇಲೊಂದು ಪೇರಿಸಿ ಸುಟ್ಟು, ನೀರು ಹಾಕಿ ಅರಳಿಸಿ, ಎಲೆ ಅಡಿಕೆ ಅಂಗಡಿಗೂ ಗೋಡೆಗೂ ಮಾರುತ್ತೇವೆ. ಅಪ್ಪ ಅವ್ವ ಈಗ ಹುಬ್ಬಳ್ಳಿಯಲ್ಲಿ ಅಣ್ಣನ ಜೊತೆ ಇದ್ದಾರೆ, ಭಟ್ಟಿ ನಡೆಸುವವಳು ಅವ್ವನ ಅಕ್ಕ, ನನ್ನ ದೊಡ್ಡವ್ವ. ಶಾಲೆಯಲ್ಲಿ ನನ್ನ ಹೆಸರು ರೇಣುಕಾ ಎಂದು ಮಾಸ್ತರರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ನಾನು ಸುಣ್ಣದಾಕಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆ ಪಾಠದಲ್ಲಿ ಬಂದ ದಿನ ಇಡೀ ತರಗತಿ ನನ್ನ ಕಡೆ ತಿರುಗಿ ನಕ್ಕಿತ್ತು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಮಣ್ಣಿನ ಸಂಶೋಧನೆಗೆಂದು ಜನವರಿಯಲ್ಲಿ ಲುಂಡ್‌ನ ವಿಶ್ವವಿದ್ಯಾಲಯಕ್ಕೆ ಬಂದಿಳಿದಾಗ, ನನ್ನ ಪರಿಚಯವೇ ಇಲ್ಲದ ಊರು ಸಿಕ್ಕಿತಲ್ಲ ಎಂದು ನೆಮ್ಮದಿಯಾಗಿತ್ತು. ಆ ನೆಮ್ಮದಿ ಮೂರು ವಾರ ಬಾಳಿತು. ಇಲ್ಲಿ ಬಾಡಿಗೆ ಮನೆ ಸಿಗುವುದು ಆಂದ್ರಾಹಾಂಡ್ ಲೆಕ್ಕದಲ್ಲಿ, ಅಂದರೆ ಬೇರೊಬ್ಬರು ಬಾಡಿಗೆಗೆ ಹಿಡಿದ ಮನೆಯಲ್ಲಿ ಕೆಲವು ತಿಂಗಳ ಮಟ್ಟಿಗೆ ನಾವಿರುವುದು. ಗೋಡೆಯ ಮೇಲೆ ಅವರ ಅಜ್ಜಿಯ ಫೋಟೊ, ಕಪಾಟಿನಲ್ಲಿ ಅವರ ಕಾಫಿ ಲೋಟ. ಮೊದಲ ವರ್ಷ ಮೂರು ಮನೆ ಬದಲಿಸಿ ಮೂವರು ಅಜ್ಜಿಯರ ಜೊತೆ ಬಾಳುವೆ ಮಾಡಿದೆ. ಪರ್ಸೂನ್‌ನುಮ್ಮೆರ್ ಎಂಬ ಗುರುತಿನ ಸಂಖ್ಯೆ ಬರುವ ತನಕ ಬ್ಯಾಂಕಿನವರಿಗೂ ಗ್ರಂಥಾಲಯದವರಿಗೂ ನಾನು ಇದ್ದೂ ಇಲ್ಲದವಳು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು ಮುಂದಿನ ನಿಲ್ದಾಣ ಬರುವಷ್ಟರಲ್ಲಿ ನಿಮ್ಮ ಮದುವೆ, ಸಂಬಳ, ಬೆನ್ನುನೋವು ಎಲ್ಲ ವಿಚಾರಿಸಿ ಮುಗಿಸಿರುತ್ತಾರೆ. ಇಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತಿರುತ್ತಾರೆ. ಅದು ತಿರಸ್ಕಾರವಲ್ಲ, ನನ್ನ ಜಾಗವನ್ನು ನನಗೇ ಬಿಡುವ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಆದರೆ ಫೆಬ್ರವರಿಯ ಕತ್ತಲಲ್ಲಿ ಅಷ್ಟೊಂದು ಮರ್ಯಾದೆ ಯಾರಿಗೆ ಬೇಕು?

ಯುಗಾದಿಗೆ ಕನ್ನಡದವರು ಪಕ್ಕದ ಮಾಲ್ಮೊ ನಗರದಲ್ಲಿ ಸೇರುತ್ತಾರೆಂದು ತಿಳಿದು ಆಸೆಯಿಂದ ಹೋದೆ. ಹೆಚ್ಚಿನವರು ಬೆಂಗಳೂರಿನವರು. ನನ್ನ ಮಾತಿನ ಏಣು ಕೋನಗಳನ್ನೆಲ್ಲ ಉಜ್ಜಿ ನಯ ಮಾಡಿಕೊಂಡೇ ಮಾತಾಡಿದೆ. ಹೋಳಿಗೆ ಬಡಿಸುತ್ತಿದ್ದ ಒಬ್ಬ ಆಂಟಿ, ನಿಮ್ಮ ಫ್ಯಾಮಿಲಿಯವರು ಏನು ಮಾಡ್ತಾರೆ ಎಂದು ಕೇಳಿದರು. ಬಿಲ್ಡಿಂಗ್ ಮಟೀರಿಯಲ್ಸ್ ಬಿಸಿನೆಸ್ ಎಂದೆ. ಎರಡನೆಯ ಹೋಳಿಗೆ ಬೇಡವೆಂದೆ.

ಮಣ್ಣಿನ ಕೆಲಸಕ್ಕಾಗಿ ಆ ಹಳ್ಳಿಗೆ ಮತ್ತೆ ಮತ್ತೆ ಹೋಗಬೇಕಿತ್ತು. ಮೇ ತಿಂಗಳಲ್ಲಿ ರೇಪ್ಸ್ ಎಂಬ ಎಣ್ಣೆಕಾಳಿನ ಹೊಲಗಳು ಹಳದಿಗೆ ತಿರುಗಿದವು. ನಮ್ಮ ಕುಸುಬೆ ಹೊಲಕ್ಕೆ ಇನ್ನೊಂದಿಷ್ಟು ಅರಿಸಿನ ಎರಚಿದ ಹಾಗಿತ್ತು. ಆ ಹಳದಿಯ ನಡುವೆ ಚರ್ಚು ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ಬಸ್ಸಿಗೆ ಹೊತ್ತಿದ್ದಾಗ ಅಂಗಳದ ಬೆಂಚಿನ ಮೇಲೆ ಕೂರುತ್ತಿದ್ದೆ. ಮುದುಕರ ಹೆಸರು ಬೆರ್ಟಿಲ್. ಜೀವನವಿಡೀ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ ಈಗ ಚರ್ಚನ್ನು ನೋಡಿಕೊಳ್ಳುತ್ತಿದ್ದರು. ಸ್ವೀಡಿಷ್‌ನಲ್ಲಿ ರಾಜನೊಬ್ಬನನ್ನು ಬಿಟ್ಟು ಎಲ್ಲರೂ ನೀನು. ನಾನೂ ಅವರನ್ನು ಹಾಗೇ ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವರು ಯಾವತ್ತೂ ನೀವು, ಹಾಗಾಗಿ ಇಲ್ಲೂ ಹಾಗೇ ಬರೆಯುತ್ತಿದ್ದೇನೆ.

ಬೆರ್ಟಿಲ್ ಹೆಚ್ಚು ಮಾತಾಡುವವರಲ್ಲ. ಆದರೆ ಚರ್ಚಿನ ವಿಷಯ ತೆಗೆದರೆ ನಿಲ್ಲಿಸುವವರೂ ಅಲ್ಲ. ಮೊದಲು ಕಟ್ಟಿದ್ದು ಮೂರೇ ಭಾಗವಂತೆ. ಜನ ನಿಲ್ಲುವ ಉದ್ದನೆಯ ಸಭಾಂಗಣ, ಅದಕ್ಕಿಂತ ಕಿರಿದಾದ ಪೂಜೆಯ ಅಂಗಣ, ಅದರ ಬೆನ್ನಿಗೆ ಅರ್ಧ ವೃತ್ತದ ಗೋಡೆ. ನಾನು ಫೋನಿನಲ್ಲಿ ಐಹೊಳೆಯ ದುರ್ಗದ ಗುಡಿಯ ಫೋಟೊ ತೋರಿಸಿದೆ, ಅದರ ಹಿಂಭಾಗವೂ ಹೀಗೇ ದುಂಡಗೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಇದು ನಮ್ಮದಕ್ಕಿಂತ ಹಳೆಯದು ಎಂದು ಸ್ವಲ್ಪ ಬೇಸರದಿಂದಲೇ ಒಪ್ಪಿಕೊಂಡರು. ಗೋಡೆಗೆ ಬಳಸಿದ್ದು ಹೊಲದಲ್ಲಿ ಸಿಕ್ಕಿದ ಗುಂಡುಕಲ್ಲು. ಮೂಲೆಗಳಿಗೆ ಮಾತ್ರ ಕೆತ್ತಿದ ಮರಳುಗಲ್ಲು. ಮೇಲಿದ್ದ ಮರದ ಚಪ್ಪಟೆ ಚಾವಣಿ ತೆಗೆದು ಇಟ್ಟಿಗೆಯ ಕಮಾನು ಎಬ್ಬಿಸಿದ್ದು ಇನ್ನೂರು ಮುನ್ನೂರು ವರ್ಷಗಳ ನಂತರ. ಪಡುವಣಕ್ಕೆ ನಿಂತ ಗೋಪುರ, ಅದರ ನೆತ್ತಿಯ ಮೆಟ್ಟಿಲು ಮೆಟ್ಟಿಲಾದ ಅಂಚು, ನಾನು ಬೂಟು ಬಿಟ್ಟ ಆಯುಧದ ಮನೆ ಎಲ್ಲ ಆಮೇಲಿನವು. ಆಗ ಈ ಸೀಮೆ ಸ್ವೀಡನ್ನಿನದೇ ಅಲ್ಲ, ಡೆನ್ಮಾರ್ಕಿನದು. ರಾಜರು ಬದಲಾದರು, ದೇವರನ್ನು ಕರೆಯುವ ರೀತಿ ಬದಲಾಯಿತು, ಗೋಡೆ ಇಲ್ಲೇ ಉಳಿಯಿತು.

ಕಮಾನುಗಳ ಕೆಳಮೈಯಲ್ಲಿ ಹಳೆಯ ಚಿತ್ರಗಳಿವೆ. ಸಂತರು, ದೆವ್ವಗಳು, ಒಂದು ಮೂಲೆಯಲ್ಲಿ ಬೆಣ್ಣೆ ಕಡೆಯುತ್ತಿರುವ ಹೆಂಗಸು, ಅವಳ ಪಕ್ಕದಲ್ಲಿ ನೆರವಿಗೆ ನಿಂತ ದೆವ್ವ. ಮುಂದೆ ಯಾವುದೋ ಕಾಲದವರಿಗೆ ಇವು ರುಚಿಸದೆ ಎಲ್ಲದರ ಮೇಲೂ ಸುಣ್ಣ ಬಳಿದರಂತೆ. ಅಳಿಸಲು ಬಳಿದ ಸುಣ್ಣವೇ ಚಿತ್ರಗಳನ್ನು ಕಾಪಾಡಿತು ಎನ್ನುವಾಗ ಬೆರ್ಟಿಲ್‌ಗೆ ಒಳಗೊಳಗೇ ಖುಷಿ. ನಮ್ಮಲ್ಲಿ ಭಕ್ತರು ಗುಡಿಗೆ ಸುಣ್ಣ ಬಳಿಯುತ್ತಾರೆ, ಪುರಾತತ್ವದವರು ಬಂದು ಕೆರೆಯುತ್ತಾರೆ. ಇಲ್ಲಿ ಒಳಗಿನ ಸುಣ್ಣ ಕೆರೆಯುವವರೂ ಹೊರಗೆ ಸುಣ್ಣ ಬಳಿಯಬೇಕೆನ್ನುವವರೂ ಒಬ್ಬರೇ. ಇಲ್ಲಿನ ಗಾಳಿ ಮಳೆಗೆ ಅದೇ ಗೋಡೆಯ ಅಂಗಿ.

ಆ ಅಂಗಿ ಹರಿದಿತ್ತು. ಅಲ್ಲಲ್ಲಿ ಸುಣ್ಣ ಚಕ್ಕೆಯೆದ್ದು ಕಲ್ಲು ಕಾಣುತ್ತಿತ್ತು. ಚರ್ಚಿನ ಆಡಳಿತ ಮಂಡಳಿಗೆ ಗುತ್ತಿಗೆದಾರರನ್ನು ಕರೆಸಿ ಕಾರ್ಖಾನೆಯ ಬಣ್ಣ ಹೊಡೆಸಿ ಕೈ ತೊಳೆದುಕೊಳ್ಳುವ ಮನಸ್ಸು. ಅಂಥ ಬಣ್ಣ ಗೋಡೆಯ ತೇವವನ್ನು ಹೊರಗೆ ಬಿಡುವುದಿಲ್ಲ, ಒಳಗಿನ ಚಿತ್ರಗಳು ಕೊಳೆಯುತ್ತವೆ ಎಂಬುದು ಬೆರ್ಟಿಲ್ ವಾದ. ಕೊನೆಗೆ ಮಂಡಳಿ ಒಂದು ಅವಕಾಶ ಕೊಟ್ಟಿತ್ತು. ಯಾರ ಕಣ್ಣಿಗೂ ಹೆಚ್ಚು ಬೀಳದ ಉತ್ತರದ ಗೋಡೆಗೆ ಊರವರೇ ಈ ಬೇಸಿಗೆ ಸುಣ್ಣ ಬಳಿಯಲಿ. ಒಂದು ಚಳಿಗಾಲ ತಡೆದು ನಿಂತರೆ ಇಡೀ ಚರ್ಚಿಗೆ ಸುಣ್ಣ, ಉದುರಿದರೆ ಕಾರ್ಖಾನೆಯ ಬಣ್ಣ. ಬೆರ್ಟಿಲ್‌ಗೆ ಎಪ್ಪತ್ತೆಂಟು, ಬಲಭುಜ ಎತ್ತಲಾಗುತ್ತಿರಲಿಲ್ಲ. ಭಾನುವಾರದ ಪ್ರಾರ್ಥನೆಗೇ ಬೆರಳೆಣಿಕೆಯ ಜನ ಬರುವಾಗ ಸುಣ್ಣ ಬಳಿಯಲು ಬರುವವರೆಷ್ಟು? ಇದ್ದದ್ದು ಅವರೂ ಇನ್ನಿಬ್ಬರು ನಿವೃತ್ತರೂ.

ಜೂನಿನ ಒಂದು ಮಧ್ಯಾಹ್ನ ಅವರು ಗುಂಡಿಯ ಹಲಗೆ ಸರಿಸಿ ಸುಣ್ಣ ಕದಡುತ್ತಿದ್ದರು. ನಾನು ದೂರವೇ ನಿಲ್ಲಬೇಕಿತ್ತು. ಕೈ ಕೇಳಲಿಲ್ಲ. ಕೋಲಿಗೆ ಅಂಟಿದ್ದನ್ನು ಒಂದಿಷ್ಟು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದೆ. ಹರಳು ಹರಳಾಗಿತ್ತು. ಇದು ಇನ್ನೂ ಮಾಗಿಲ್ಲ, ಹೀಗೇ ಬಳಿದರೆ ಹರಳು ಗೋಡೆಯ ಮೇಲೆ ಅರಳಿ ಚಕ್ಕೆ ಎದ್ದುಬಿಡುತ್ತದೆ ಎಂದು ಬಾಯಿಂದ ಬಂದೇಬಿಟ್ಟಿತು.

ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದರು. ಮಣ್ಣಿನ ವಿಜ್ಞಾನ ಓದಿದವಳು, ಸುಲಭವಾಗಿ ಒಂದು ಸುಳ್ಳು ಹೇಳಬಹುದಿತ್ತು. ಆದರೆ ನನ್ನ ಹರಕು ಸ್ವೀಡಿಷ್‌ನಲ್ಲಿ ಸುಳ್ಳು ಹೇಳುವಷ್ಟು ಶಬ್ದಗಳಿರಲಿಲ್ಲ.

"ನಮ್ಮ ಮನೆಯವರು ಸುಣ್ಣ ಸುಡುತ್ತಾರೆ" ಎಂದೆ. "ನನ್ನ ಅಜ್ಜನ ಅಜ್ಜನ ಕಾಲದಿಂದ."

ಬೆರ್ಟಿಲ್ ಕೋಲನ್ನು ನನ್ನ ಕೈಗೆ ಕೊಟ್ಟರು. "ಹಾಗಾದರೆ ಇಷ್ಟು ದಿನ ಸುಮ್ಮನೆ ಆ ಬೆಂಚಿನ ಮೇಲೆ ಯಾಕೆ ಕೂತಿದ್ದೆ?"

ಕೋಲು ಹಿಡಿದು ಕದಡತೊಡಗಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಹಿತ್ತಲನ್ನೇ ಮುಚ್ಚಿಟ್ಟುಕೊಂಡಿದ್ದವಳು. ಆ ಸಂಜೆ ಬಸ್ಸಿನಲ್ಲಿ ಸುಣ್ಣದ ವಾಸನೆಯ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ಅತ್ತೆ. ಪಕ್ಕದಲ್ಲಿ ಯಾರೂ ಕೂತಿರಲಿಲ್ಲವಾದ್ದರಿಂದ ಅನುಕೂಲವೇ ಆಯಿತು.

ಮಾಗಿದ ಸುಣ್ಣವನ್ನು ಬೆರ್ಟಿಲ್ ಬೇರೆ ಕಡೆಯಿಂದ ತರಿಸಿದರು. ಬೆಣ್ಣೆಯ ಹಾಗಿತ್ತು. ಜುಲೈ, ಆಗಸ್ಟಿನ ಶನಿವಾರಗಳೆಲ್ಲ ಗೋಡೆಗೇ ಹೋದವು. ಸಡಿಲಾದದ್ದನ್ನು ಕೆರೆದು, ಗೋಡೆಯನ್ನು ನೀರಿನಿಂದ ತೋಯಿಸಿ, ನೀರು ಮಜ್ಜಿಗೆಯಷ್ಟು ತೆಳ್ಳಗೆ ಸುಣ್ಣ ಬಳಿದು, ಅದು ಒಣಗಿದ ಮೇಲೆ ಮತ್ತೊಂದು ಪದರ. ಇಲ್ಲಿನವರು ಐದು ಪದರ ಬಳಿಯುತ್ತಾರೆ. ನಮ್ಮಲ್ಲಿ ಹಬ್ಬ ನಾಳೆ ಎಂದರೆ ಇವತ್ತು ಗಟ್ಟಿಯಾಗಿ ಒಂದೇ ಪದರ. ನಡುವೆ ಫೀಕಾ, ಅಂದರೆ ಕೆಲಸ ಬಿಟ್ಟು ಕಾಫಿ ಬನ್ನಿಗೆ ಕೂರುವುದು. ನಿವೃತ್ತರಿಬ್ಬರೂ ಮಾತಿಲ್ಲದೆ ನನ್ನ ತಟ್ಟೆಗೆ ಎರಡನೆಯ ಬನ್ನು ಹಾಕತೊಡಗಿದ ದಿನ ನಾನು ಇವರಲ್ಲೊಬ್ಬಳು ಅನ್ನಿಸಿತು.

ತಪ್ಪು ಮಾಡಿದ್ದು ಆಗಲೇ. ಆಗಸ್ಟ್ ಕೊನೆಯ ಶನಿವಾರ ಐದನೆಯ ಪದರ. ಬೆರ್ಟಿಲ್ ಭುಜದ ಚಿಕಿತ್ಸೆಗೆ ಹೋಗಿದ್ದರು, ಕೆಲಸ ನನ್ನ ಮೇಲೆ ಬಿಟ್ಟಿದ್ದರು. ಹಿಂದಿನ ದಿನ ದೊಡ್ಡವ್ವನಿಗೆ ವಿಡಿಯೊ ಕರೆ ಮಾಡಿ ಗೋಡೆ ತೋರಿಸಿದ್ದೆ. ಅವಳು ಒಂದು ನೋಟಕ್ಕೇ ತೀರ್ಪು ಕೊಟ್ಟಳು. "ಹಳದಿ ಹೊಡಿಯಾಕತ್ತೇತಲ್ಲ ರೇಣವ್ವಾ. ನೀಲಿ ಹಾಕಿಲ್ಲೇನ? ನೀಲಿ ಇಲ್ಲದ ಸುಣ್ಣ ಸುಣ್ಣ ಏನವಾ?"

ನಮ್ಮ ಕಡೆ ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನೇ ಸುಣ್ಣಕ್ಕೂ ಹಾಕುತ್ತಾರೆ. ಬಟ್ಟೆಯಲ್ಲಿ ಗಂಟು ಕಟ್ಟಿ ಸುಣ್ಣದ ಬಾನಿಯಲ್ಲಿ ಅದ್ದಿ ಹಿಂಡಿದರೆ ಗೋಡೆ ಬೆಳ್ಳಗೆ ಹೊಳೆಯುತ್ತದೆ. ಇದು ಎಷ್ಟು ಸಹಜವೆಂದರೆ ಯಾರನ್ನಾದರೂ ಕೇಳಬೇಕೆಂದೇ ನನಗೆ ಹೊಳೆಯಲಿಲ್ಲ. ಊರಿಂದ ತಂದಿದ್ದ ನೀಲಿಯ ಪೊಟ್ಟಣ ಪೆಟ್ಟಿಗೆಯಲ್ಲಿತ್ತು. ಕರವಸ್ತ್ರದಲ್ಲಿ ಕಟ್ಟಿ, ಬೆರ್ಟಿಲ್‌ಗೆ ಮೆಚ್ಚುಗೆಯಾಗಲಿ ಎಂದು ಇನ್ನೊಂದು ಸಲ ಹೆಚ್ಚಿಗೇ ಹಿಂಡಿದೆ. ಹಸಿಯಿದ್ದಾಗ ಏನೂ ತಿಳಿಯಲಿಲ್ಲ.

ಮರುದಿನ ಭಾನುವಾರ ಹೋಗಿ ನೋಡಿದರೆ ಗೋಡೆ ನೀಲಿ. ಕಣ್ಣು ಕುಕ್ಕುವ ನಮ್ಮ ಬಿಸಿಲಿನಲ್ಲಿ ಆ ನೀಲಿ ಬಿಳುಪಿನೊಳಗೆ ಕರಗಿಹೋಗುತ್ತದೆ. ಇಲ್ಲಿ ಉತ್ತರದ ಗೋಡೆಗೆ ಬಿಸಿಲೆಂಬುದೇ ಅಪರೂಪ, ಮೇಲೆ ಮೋಡ ಬೇರೆ. ಬಿಳಿ ಚರ್ಚಿನ ಒಂದು ಮಗ್ಗುಲು ಬಡಿಗೆಯ ಏಟು ತಿಂದ ಹಾಗೆ ಕಾಣುತ್ತಿತ್ತು. ಪ್ರಾರ್ಥನೆಗೆ ಬಂದ ಏಳೆಂಟು ಜನ ಅಲ್ಲಿ ನಿಂತು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಹಳೆಯ ಚರ್ಚಿಗೆ ಏನು ಬಳಿಯಬೇಕಾದರೂ ಜಿಲ್ಲಾಡಳಿತದ ಒಪ್ಪಿಗೆ ಬೇಕು, ಒಪ್ಪಿಗೆಯ ಪತ್ರದಲ್ಲಿ ಇದ್ದದ್ದು ಬಿಳಿ ಸುಣ್ಣ. ಕಾರ್ಖಾನೆಯ ಬಣ್ಣ ಬೇಕೆನ್ನುವವರಿಗೆ ಇನ್ನೇನು ಬೇಕು? ಎಂಟುನೂರು ವರ್ಷ ಬಾಳಿದ ಗೋಡೆಯನ್ನು ನಿನ್ನೆ ಮೊನ್ನೆ ಬಂದವಳು ಒಂದು ಪೊಟ್ಟಣದಲ್ಲಿ ಕೆಡಿಸಿದಳು. ತರಗತಿಯ ಆ ಹಳೆಯ ನಗು ಕಿವಿಯಲ್ಲಿ ಕೇಳಿಸಿತು.

ಬೆರ್ಟಿಲ್ ಬರುವವರೆಗೂ ಅಲ್ಲೇ ಕಾದೆ. ನೀಲಿಯ ಕಥೆಯೆಲ್ಲ ಹೇಳಿದೆ, ಮಂಡಳಿಯವರಿಗೂ ನಾನೇ ಹೇಳುತ್ತೇನೆ ಎಂದೆ. ಅವರು ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದು ಬಂದು ಅಂಗೈಯಿಂದ ಉಜ್ಜಿ ನೋಡಿದರು.

"ಕೆಲಸ ಚೆನ್ನಾಗಿದೆ, ಬಣ್ಣ ತಪ್ಪಿದೆ" ಎಂದರು. "ಥಂಡಿ ಹಿಡಿಯಲು ಇನ್ನು ಮೂರು ವಾರ. ಎರಡು ಪದರ ಬಳಿಯಬೇಕು. ನಿನ್ನ ದೊಡ್ಡಮ್ಮನಿಗೆ ಹೇಳು, ಇಲ್ಲಿ ಸೂರ್ಯ ಕಡಿಮೆ."

ಮಂಡಳಿಯ ಅಧ್ಯಕ್ಷೆಗೆ ಅಂದೇ ಹೋಗಿ ಹೇಳಿದೆ. ಆಕೆ ಕೋಪಿಸಿಕೊಳ್ಳಲಿಲ್ಲ. ಆದರೆ ವಸಂತದಲ್ಲಿ ಗೋಡೆ ಬೆಳ್ಳಗೂ ಇರಬೇಕು, ಗಟ್ಟಿಯೂ ಇರಬೇಕು, ಎರಡರಲ್ಲಿ ಒಂದು ತಪ್ಪಿದರೂ ಗುತ್ತಿಗೆದಾರರೇ ಎಂದಳು. ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಎಂಟು ಜನ ಕುಂಚ ಹಿಡಿದು ನಿಂತಿದ್ದರು. ಭಾನುವಾರ ಸುಮ್ಮನೆ ನೋಡಿ ಹೋದವರೇ. ಯಾರು ಕರೆದರು, ಯಾಕೆ ಬಂದರು ಎಂದು ಯಾರೂ ಹೇಳಲಿಲ್ಲ. ತೆಳ್ಳಗಿರಬೇಕಾ ಎಂದೊಬ್ಬರು ಕೇಳಿದರು, ತೆಳ್ಳಗೆ ಎಂದೆ. ಎರಡು ಶನಿವಾರಗಳಲ್ಲಿ ನೀಲಿ ಮುಚ್ಚಿತು.

ಆ ಚಳಿಗಾಲದಲ್ಲಿ ನನ್ನ ಜೀವವೆಲ್ಲ ಆ ಗೋಡೆಯಲ್ಲಿತ್ತು. ಥರ್ಮಾಮೀಟರ್ ಸೊನ್ನೆಗಿಂತ ಕೆಳಗಿಳಿದ ದಿನ ನನಗಿಂತ ಹೆಚ್ಚಾಗಿ ಅದಕ್ಕೆ ಸ್ವೆಟರ್ ಬೇಕು ಅನ್ನಿಸುತ್ತಿತ್ತು. ವಾರಕ್ಕೊಮ್ಮೆ ಬಸ್ ಹಿಡಿದು ಹೋಗಿ, ಕೈಗವಸು ಬಿಚ್ಚಿ ಮುಟ್ಟಿ ನೋಡಿ ಬರುತ್ತಿದ್ದೆ. ಕಳೆದ ಫೆಬ್ರವರಿಗೆ ಇದ್ದ ಕತ್ತಲು ಈ ಫೆಬ್ರವರಿಗೂ ಇತ್ತು. ಆದರೆ ಬಸ್ಸಿಳಿದರೆ ಹೆಸರು ಹಿಡಿದು ಕರೆಯುವ ಒಂದು ಊರು ಆಗಿತ್ತು.

ಏಪ್ರಿಲ್‌ನಲ್ಲಿ ಮಂಡಳಿಯವರು ಬಂದರು. ಅಧ್ಯಕ್ಷೆ ತನ್ನ ಕಪ್ಪು ಕೋಟಿನ ತೋಳನ್ನು ಗೋಡೆಗೆ ಜೋರಾಗಿ ಉಜ್ಜಿ ನೋಡಿದಳು. ಹಿಟ್ಟು ಸೋಕಿದಷ್ಟು ಬಿಳಿ ಹತ್ತಿತು. ಚಕ್ಕೆ ಒಂದೂ ಬೀಳಲಿಲ್ಲ. ಕೋಟು ಕೊಡವಿಕೊಂಡು, ಮುಂದಿನದು ದಕ್ಷಿಣದ ಗೋಡೆಯೇ ಎಂದು ಬೆರ್ಟಿಲ್‌ರನ್ನು ಕೇಳಿದಳು. ಒಪ್ಪಿಗೆ ಕೊಡುವ ಇಲ್ಲಿನವರ ರೀತಿ ಅದು. ನಾನಾಗಿದ್ದರೆ ಅಂಗಳದಲ್ಲಿ ಪೇಡೆ ಹಂಚುತ್ತಿದ್ದೆ.

ಎಲ್ಲರೂ ಹೋದ ಮೇಲೆ ಬೆರ್ಟಿಲ್ ನನ್ನನ್ನು ಅದೇ ಗೋಡೆಯ ಇನ್ನೊಂದು ತುದಿಗೆ ಕರೆದೊಯ್ದರು. ಅಲ್ಲಿ ಮುಚ್ಚಿಹೋದ ಒಂದು ಬಾಗಿಲಿನ ಗುರುತಿದೆ. ಹಿಂದೆ ಹೆಂಗಸರು ಉತ್ತರದಿಂದ ಒಳಗೆ ಬಂದು ಉತ್ತರದ ಬದಿಗೇ ಕೂರುತ್ತಿದ್ದರಂತೆ. ಆಮೇಲೆ ಬಾಗಿಲಿಗೆ ಕಲ್ಲು ಕಟ್ಟಿದರು, ಗೂಡಿನಂಥ ಅದರ ಒಳಗುಳಿ ಮಾತ್ರ ಉಳಿದಿದೆ. ಆ ಒಳಗುಳಿಯ ಅಂಚಿನಲ್ಲಿ, ಬಗ್ಗಿ ನೋಡಿದರಷ್ಟೇ ಕಾಣುವ ಹಾಗೆ, ಅಂಗೈಯಗಲದ ಒಂದು ಚೌಕ ನೀಲಿಯಾಗಿಯೇ ಇತ್ತು.

ನಾವು ಬಳಿಯುವಾಗ ಬಿಟ್ಟುಹೋಗಿರಬೇಕು, ಈಗಲೇ ಮುಚ್ಚುತ್ತೇನೆ ಎಂದೆ.

"ಬಿಟ್ಟುಹೋದದ್ದಲ್ಲ, ನಾನು ಬಿಟ್ಟದ್ದು" ಎಂದರು ಬೆರ್ಟಿಲ್. "ಹಳೆಯ ಗೋಡೆಯಲ್ಲಿ ಯಾವ ಕೆಲಸ ಮಾಡಿದರೂ ಕೆಳಗಿನ ಪದರದ ಒಂದು ತುಣುಕು ಹಾಗೇ ಉಳಿಸುತ್ತೇವೆ. ಮುಂದೆ ಬರುವವರಿಗೆ ಯಾರು ಏನು ಬಳಿದಿದ್ದರು ಎಂದು ಗೊತ್ತಾಗಬೇಕು. ಜಿಲ್ಲೆಯವರಿಗೂ ಬರೆದು ತಿಳಿಸಿದ್ದೇನೆ."

ಫೋಟೊ ತೆಗೆದು ದೊಡ್ಡವ್ವನಿಗೆ ಕಳಿಸಿದೆ. ಹೆಮ್ಮೆಪಡುತ್ತಾಳೆ ಎಂದುಕೊಂಡರೆ, "ನೀಲಿ ಒಂಚೂರು ಜಾಸ್ತಿ ಆಗೇತಿ. ಮುಂದಿನ ಸಲ ಚಿಟಿಕಿ ಅಷ್ಟ ಹಾಕ" ಎಂದು ಉತ್ತರ ಬಂತು.

ಈ ಸಲದ ಯುಗಾದಿ ಊಟಕ್ಕೂ ಮಾಲ್ಮೊಗೆ ಹೋಗಿದ್ದೆ. ಹೊಸದಾಗಿ ಬಂದ ಮೈಸೂರಿನ ಹುಡುಗಿಯೊಬ್ಬಳು ಮನೆಯವರು ಏನು ಮಾಡುತ್ತಾರೆಂದು ವಿಚಾರಿಸಿದಳು. "ಸುಣ್ಣ ಸುಡ್ತಾರ‍್ರೀ" ಎಂದೆ, ಉಜ್ಜದೆ, ನಯ ಮಾಡದೆ. ಅವಳು ಹೌದಾ ಎಂದು ಕಣ್ಣರಳಿಸಿ, ಹೇಗೆ ಸುಡುತ್ತಾರೆ ಎಂದು ಕೇಳಿದಳು. ಹೋಳಿಗೆ ಆರುವವರೆಗೂ ಹೇಳಿದೆ.

ಈಗ ಒಂದು ತೊಡಕಾಗಿದೆ. ಬೇಸಿಗೆಯ ನಡುವಿನ ಮಿಡ್‌ಸೊಮ್ಮಾರ್ ಹಬ್ಬಕ್ಕೆ ಮುಂಚಿನ ವಾರ ದಕ್ಷಿಣದ ಗೋಡೆಯ ಕೆಲಸ ಶುರು ಎಂದು ಬೆರ್ಟಿಲ್ ನಿಶ್ಚಯಿಸಿದ್ದಾರೆ, ನೀನಿಲ್ಲದೆ ಬಾನಿ ಕದಡುವುದಿಲ್ಲ ಎಂದಿದ್ದಾರೆ. ಮಳೆ ಹಿಡಿಯುವ ಮೊದಲು, ಕಾರ ಹುಣ್ಣಿವೆಯ ಹೊತ್ತಿಗೆ, ಈ ವರ್ಷದ ದೊಡ್ಡ ಭಟ್ಟಿ ಹಚ್ಚುತ್ತೇನೆ ಎಂದು ದೊಡ್ಡವ್ವ ಹೇಳಿದ್ದಾಳೆ, ಕಲ್ಲು ಪೇರಿಸಲು ಬಾ, ಬೇಕಾದರೆ ನಿಮ್ಮ ಗೌಂಡಿ ಅಜ್ಜನನ್ನೂ ಕರೆದುಕೊಂಡು ಬಾ ಎಂದು. ಎರಡೂ ಒಂದೇ ವಾರ. ಶಾಲೆಯಲ್ಲಿ ಸುಣ್ಣದಾಕಿ ಎಂದು ಕರೆದಾಗ ಓಡಿಹೋಗುತ್ತಿದ್ದವಳನ್ನು ಈಗ ಎರಡು ಕಡೆಯಿಂದ ಸುಣ್ಣಕ್ಕೇ ಕರೆಯುತ್ತಿದ್ದಾರೆ. ಇಬ್ಬರಿಗೂ ಬರುತ್ತೇನೆ ಎಂದಿದ್ದೇನೆ.